ಮಂಗಲತ್ತಿಯ ಪಾಟಿಗೆ ಬಂದ ಕಾಗದ

ಬನಹಟ್ಟಿ, ನಮ್ಮದೇ ಮಾಳಿಗೆ
ಶನಿವಾರ, ೧೫ ನವೆಂಬರ್ ೨೦೨೫, ಮಧ್ಯಾಹ್ನ

ನನ್ನ ಪ್ರೀತಿಯ ಮಂಗಲತ್ತಿ,

ಗಾಬರಿಯಾಗಬೇಡ. ನಿನ್ನ ಪಾಟಿಯಲ್ಲಿ ಪುಸ್ತಕಗಳ ನಡುವೆ ನನ್ನ ಹೆಸರಿನದೊಂದು ಬಂದು ಕುಳಿತಿದೆಯಲ್ಲ, ಅದು ಪುಸ್ತಕವಲ್ಲ, ಈ ಕಾಗದ. ಮೊಬೈಲಿನಲ್ಲಿ ಬರೆದು ನಾನೇ ಅದಕ್ಕೆ ಕಳಿಸಿದ್ದೇನೆ. ಅಕ್ಷರ ಸಣ್ಣದಾದರೆ ಎರಡು ಬೆರಳಿಟ್ಟು ಅಗಲಿಸು. ನಿನ್ನವ್ವ, ಅಂದರೆ ನಮ್ಮ ಆಯಿ, ಈ ಇ-ರೀಡರ್ ಸ್ಲೇಟಿನ ಹಾಗಿದೆ ಅಂತ ಮೊದಲ ದಿನವೇ ಅದಕ್ಕೆ ‘ಪಾಟಿ’ ಅಂತ ಹೆಸರಿಟ್ಟಳು. ಇವತ್ತು ಅದು ಖರೆ ಪಾಟಿಯಾಯಿತು ನೋಡು, ನಾನು ಬರೆದದ್ದನ್ನು ನೀನು ಓದುತ್ತಿದ್ದೀ.

ನಾವು ಇಲ್ಲಿ ಆರಾಮ, ನೀನು ಅಲ್ಲಿ ಹೇಗಿದ್ದೀ ಅಂತ ಕೇಳಬೇಕಂತೆ ಕಾಗದದಲ್ಲಿ. ಇಲ್ಲಿ ಅಂದರೆ ಮಾಳಿಗೆ, ಅಲ್ಲಿ ಅಂದರೆ ಅದರ ಕೆಳಗಿನ ಅಡುಗೆಮನೆ. ನೀನು ಬೆಳ್ಳುಳ್ಳಿ ಜಜ್ಜುವ ಸದ್ದು ನನ್ನ ಕಾಲಡಿಯಲ್ಲೇ ಕೇಳುತ್ತಿದೆ. ಇಳಿದು ಬಂದು ಹೇಳಬಹುದಿತ್ತು. ಆದರೆ ನಾನು ಎದುರು ನಿಂತು ಬಾಯಿ ತೆರೆದರೆ ಸಾಕು, ನೀನು “ಉಪ್ಪ ನೋಡ ಬಾರವಾ” ಅಂತ ಏನಾದರೂ ತುರುಕುತ್ತೀ. ಬಾಯಿ ತುಂಬಿದ ಮೇಲೆ ಮಾತೆಲ್ಲಿ? ಗ್ರೂಪಿನಲ್ಲಿ ಬರೆಯೋಣವೆಂದರೆ ಸೋಮವಾರದಿಂದ ನೀನು ಗ್ರೂಪಿನಲ್ಲೇ ಇಲ್ಲ. ಮನೆಯೊಳಗೇ ಇದ್ದು ‘ನಮ್ಮ ಮನಿ’ ಗ್ರೂಪ್ ಬಿಟ್ಟವಳು ಈ ಬನಹಟ್ಟಿಯಲ್ಲಿ ನೀನೊಬ್ಬಳೇ ಇರಬೇಕು.

ಮೊದಲು ಕೆಲಸದ ಮಾತು. ನಾಳೆ ರವಿವಾರ ನಾನು ಸ್ಲೋ ಕುಕ್ಕರಿನಲ್ಲಿ ಗೋಧಿ ಹುಗ್ಗಿ ಮಾಡುತ್ತೇನೆ. ಕುಟ್ಟಿದ ಗೋಧಿ ನೆನೆಹಾಕಿದ್ದೇನೆ. ನೀರು ಎಷ್ಟು ಹಾಕಲಿ? ಬೆಲ್ಲ ಮೊದಲೇ ಹಾಕಿದರೆ ಗೋಧಿ ಗಟ್ಟಿ ಕೂತುಬಿಡುತ್ತದೆ ಅಂದಿದ್ದೆ, ಅಷ್ಟು ನೆನಪಿದೆ. ಗಸಗಸೆ ಯಾವಾಗ? ಇಷ್ಟೇ ಕೇಳುವುದಿತ್ತು.

ಇಷ್ಟೇ ಆಗಿದ್ದರೆ ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದೆ ಅಂತ ನಿನಗೂ ಗೊತ್ತು.

ಅತ್ತಿ, ಆ ಕುಕ್ಕರ್ ಮನೆಗೆ ಬಂದ ದಿನ ನೆನಪಿದೆಯಾ? ಇಚಲಕರಂಜಿಯಿಂದ ಶಶಿಕಾಂತ ಕಾಕಾ ಹೋದ ವರ್ಷದ ದೀಪಾವಳಿಗೆ ತಂದುಕೊಟ್ಟಿದ್ದ. ಮೊಟ್ಟೆಯಾಕಾರದ ಕಪ್ಪು ಡಬ್ಬಿ, ಒಳಗೆ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಅದರಲ್ಲಿ ಕಾಳು ಬೇಯಲು ಎಂಟು ತಾಸು ಬೇಕು ಅಂತ ಕಾಕಾ ಹೇಳಿದಾಗ ಆಯಿ ಅಂದದ್ದು: “ಎಂಟ ತಾಸ ಅದು ಬೇಯೂತನಾ ನಾವೇನ ಅದರ ಮಾರಿ ನೋಡ್ಕೋಂತ ಕುಂದ್ರೂದೇನೋ? ಇದನ್ನ ಮಾಡಿದಾಂವಗ ಹಸಿವಿನೇ ಆಗೂದಿಲ್ಲ ಅನಸ್ತೈತಿ!” ಕಾಕಾ ಮುಖ ಸಣ್ಣದು ಮಾಡಿಕೊಂಡ. ನೀನು ಮಾತ್ರ ಆ ಮುಚ್ಚಳವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೆ.

ಅದರ ಜೊತೆಗಿದ್ದ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ಬರೆದು ನಿನ್ನ ಪಾಟಿಗೆ ಹಾಕಿದವಳು ನಾನು. ‘ಮುಚ್ಚಳವನ್ನು ಮೇಲಿಂದ ಮೇಲೆ ತೆಗೆದು ನೋಡಬೇಡಿ’ ಅಂತ ಅದರಲ್ಲಿ ನಾನೇ ಬರೆದ ವಾಕ್ಯವನ್ನು ನೀನು ಗಟ್ಟಿಯಾಗಿ ಓದಿ, “ಸೌಂದರ್ಯಾ, ನೀ ಲೇಖಕಿ ಆದಿ ಬಿಡ” ಅಂದಿದ್ದೆ. ಅವತ್ತು ನಾನು ಇಡೀ ಜಮಖಂಡಿ ಬಸ್ಸಿಗೆ ಕೇಳುವಂತೆ ಫೋನಿನಲ್ಲಿ ಗೆಳತಿ ಪೂರ್ಣಿಮಾಗೆ ಅದನ್ನೇ ಹೇಳಿದ್ದೆ. ಪಾಟಿ ಮೊದಲು ಅವಳದೇ ಅಲ್ಲವಾ. ಹೊಸದು ಬಂದ ಮೇಲೆ ಹಳೆಯದನ್ನು ನನಗೆ ಕೊಟ್ಟಿದ್ದಳು. ನನ್ನ ಕೈಯಲ್ಲಿ ಅದು ಒಂದು ವಾರವೂ ಉಳಿಯಲಿಲ್ಲ.

ಉಳಿಯುವುದಾದರೂ ಹೇಗೆ? ನೀನು ಓದುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸೀರೆಗೆ ಸುತ್ತಲು ಅಪ್ಪ ತರುತ್ತಿದ್ದ ರದ್ದಿ ಕಾಗದದ ಗಂಟನ್ನು ಮೊದಲು ನೀನು ಬಿಚ್ಚುತ್ತಿದ್ದೆ. ಹಳೆಯ ಪುರವಣಿಗಳ ಅರ್ಧ ಕಥೆಗಳು. ಅವ್ವ ನೂಲಿನ ಕಂಡಿಕೆ ಸುತ್ತುತ್ತಾ, ಅಪ್ಪ ಕೈಮಗ್ಗದ ಲಾಳಿ ಎಸೆಯುತ್ತಾ, ನೀನು ನಡುವೆ ಕೂತು ಓದುತ್ತಾ. ಕಥೆ ಒಂದು ಜಾಗದಲ್ಲಿ ಹರಿದು ಹೋಗಿರುತ್ತಿತ್ತು. ಆಗ ಅಪ್ಪ ಲಾಳಿ ಹಿಡಿದುಕೊಂಡೇ ಕೇಳುವನು: “ಮುಂದ? ಅಕಿ ಬಸ್ ಹತ್ತಿದಳೋ ಇಲ್ಲೋ?” ನೀನು ಕಣ್ಣು ಮಿಟುಕಿಸದೆ, “ಹತ್ತಿದಳು, ಕಿಡಕಿ ಕಡೇನ ಸೀಟ ಸಿಕ್ತು” ಅನ್ನುವೆ. ಹರಿದ ಕಥೆಗಳಿಗೆಲ್ಲ ನೀನೇ ಕೊನೆ ಹಚ್ಚುತ್ತಿದ್ದೆ. ಎಲ್ಲರಿಗೂ ಕಿಟಕಿಯ ಸೀಟು ಕೊಡುತ್ತಿದ್ದೆ. ನಾನು ನಿನ್ನ ಮೊದಲನೇ ನಂಬರಿನ ಫ್ಯಾನ್ ಆದದ್ದು ಹಾಗೆ. ನಾನು ಫಾಲೋ ಮಾಡುವ ಯಾರಿಗೂ ಆ ಜಾಗ ಕೊಟ್ಟಿಲ್ಲ.

ಆದರೆ ನಿನಗೆ? ಅಮಾವಾಸ್ಯೆ ಬಂದರೆ ಮಗ್ಗಕ್ಕೆ ಸೂಟಿ. ಅಪ್ಪ, ಅವ್ವ, ಆಯಿ, ನಾನು ಎಲ್ಲರೂ ಎಲ್ಲಿಯಾದರೂ ಹೋಗುತ್ತಿದ್ದೆವು. ತೇರದಾಳದಲ್ಲಿ ಅನಸವ್ವ ಅಜ್ಜಿಯ ಮನೆ, ಜಮಖಂಡಿಯ ಸಂತೆ, ಇಲ್ಲವೆಂದರೆ ಇಲ್ಲೇ ರಬಕವಿಯ ಹೊಳೆ ದಂಡೆ. ನೀನು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದೆ. “ನಾ ಬಂದ್ರ ಹೊಳ್ಳಿ ಬಂದ ಮ್ಯಾಲ ಏನ ತಿಂತೀರಿ?” ನಮಗೂ ಅದು ಸರಿ ಅನಿಸುತ್ತಿತ್ತು. ಬಂದಾಗ ಬಿಸಿ ರೊಟ್ಟಿ ಇರುತ್ತಿತ್ತಲ್ಲ. ಯಾರೂ ಎರಡನೇ ಸಲ ಕರೆಯುತ್ತಿರಲಿಲ್ಲ.

ಕುಕ್ಕರ್ ಬಂದ ಮರು ಅಮಾವಾಸ್ಯೆಗೆ ಆಲಮಟ್ಟಿಗೆ ಹೋಗುವ ಮಾತು ಬಂತು. ನೀನು ಮತ್ತೆ ಅದೇ ಪ್ರಶ್ನೆ ಎತ್ತಿದೆ. ಅವ್ವ, ನಮ್ಮ ಬಾಯಿಲ್ಲದ ಅವ್ವ, ಕಂಡಿಕೆ ಸುತ್ತುವುದನ್ನು ನಿಲ್ಲಿಸದೇ ಅಂದಳು: “ಎಂಟ ತಾಸ ಬೇಯೂ ಗಡಗಿ ಬಂದೈತಲ್ಲ ಮಂಗಲಾ, ಅದು ಮನ್ಯಾಗ ಇರ್ಲಿ, ನೀ ಗಾಡಿ ಹತ್ತ.” ಬೆಳಿಗ್ಗೆ ನೀನು ಮಡಿಕೆ ಕಾಳು, ಬದನೆಕಾಯಿ, ಗುರೆಳ್ಳು ಪುಡಿ ಹಾಕಿ ಸ್ವಿಚ್ ಒತ್ತಿದೆ. ಬಾಗಿಲು ದಾಟಿ ಮತ್ತೆ ಒಳಗೆ ಹೋಗಿ ನೋಡಿ ಬಂದೆ. ಬೀಳಗಿ ದಾಟುವವರೆಗೆ ಕುಕ್ಕರಿನದೇ ಮಾತು. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಮ್ಮ ಗಾಡಿ ಸಿಕ್ಕಿಬಿದ್ದು, ಕಾಯಿಸಿದ ಕಬ್ಬಿನ ಹಾಲಿನ ವಾಸನೆ ಒಳಗೆ ಬಂದಾಗ ಮಾತ್ರ ನೀನು ಸುಮ್ಮನಾಗಿ ಕಿಟಕಿ ಪೂರ್ತಿ ಇಳಿಸಿದೆ. ಕಿಟಕಿಯ ಸೀಟು ನಿನ್ನದಾಗಿತ್ತು.

ಆಲಮಟ್ಟಿಯ ತೋಟದಲ್ಲಿ ನೀನು ಐಸ್‌ಕ್ರೀಮ್ ತಿಂದ ಫೋಟೋ ಇನ್ನೂ ನನ್ನ ಬಳಿ ಇದೆ. ಮೂಗಿನ ಮೇಲೆ ಹತ್ತಿದೆ. ಅಪ್ಪ ಅದನ್ನು ಸ್ಟೇಟಸ್ ಇಟ್ಟುಕೊಂಡಿದ್ದ. ಆಯಿ ಕಾರಂಜಿ ನೋಡಿ, “ಇಷ್ಟ ನೀರ ಹಾರಸ್ತಾರ, ನಮ್ಮ ನಳಕ್ಕ ಎರಡ ದಿನಕ್ಕೊಮ್ಮಿ ಬಿಡ್ತಾರ” ಅಂತ ಕಾವಲುಗಾರನ ಜೊತೆ ಜಗಳ ತೆಗೆದಿದ್ದಳು. ಸಂಜೆ ಬಂದು ಮುಚ್ಚಳ ತೆಗೆದಾಗ ಮನೆಯೆಲ್ಲ ಗುರೆಳ್ಳಿನ ಘಮ. ಕಾಳು ಬೆಣ್ಣೆಯ ಹಾಗೆ ಬೆಂದಿದ್ದವು. ಊಟ ಮಾಡುತ್ತಾ ನೀನು ಯಾರಿಗೂ ಅಲ್ಲದ ಹಾಗೆ ಒಂದು ಮಾತು ಅಂದೆ: “ನಾ ಇಲ್ದನೂ ಬೇಯ್ತು ನೋಡ.” ಆ ದನಿಯಲ್ಲಿ ಸಂತೋಷವೂ ಇತ್ತು, ಇನ್ನೂ ಏನೋ ಇತ್ತು. ಅವತ್ತು ನನಗೆ ತಿಳಿಯಲಿಲ್ಲ.

ಈಗ ಗಂಜಿಯ ಕಥೆ. ಬೇಡ ಅನ್ನಬೇಡ, ಅದಿಲ್ಲದೆ ಈ ಕಾಗದ ಮುಂದೆ ಹೋಗುವುದಿಲ್ಲ.

ಕಳೆದ ಬೇಸಿಗೆ. ಮಗ್ಗಕ್ಕೇರಿಸುವ ಹಾಸಿನ ನೂಲಿಗೆ ಹಚ್ಚುವ ಗಂಜಿ ಗ್ಯಾಸಿನ ಮೇಲೆ ಗಂಟು ಗಂಟಾಗುತ್ತದೆ ಅಂತ ಅಪ್ಪ ಗೊಣಗುತ್ತಿದ್ದ. “ಮಂಗಲಾ, ನಿನ್ನ ಆ ಸಾವಕಾಶ ಗಡಗ್ಯಾಗ ಇಟ್ಟ ನೋಡ” ಅಂದ. ನೀನು ಹಿಟ್ಟು ಕಲಸಿ, ನೂಲು ನುಣ್ಣಗಾಗಲೆಂದು ಕುಸುಬಿ ಎಣ್ಣೆ ಬಿಟ್ಟು, ಕುಕ್ಕರಿಗೆ ಹಾಕಿ, ಪಾಟಿ ಹಿಡಿದು ಮಾಳಿಗೆಗೆ ಬಂದೆ. ನಾನೂ ಇಲ್ಲೇ ಇದ್ದೆ. ಅಷ್ಟರಲ್ಲಿ ಸೀರೆ ಒಯ್ಯಲು ಮುಧೋಳದ ಪರಮಾನಂದ ಅವರು ಬಂದರು. ಬಸ್‌ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ ಇಟ್ಟವರು, ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಅಷ್ಟೇ ಗೊತ್ತಿತ್ತು ನಮಗೆ. ಬಿಸಿಲಲ್ಲಿ ಬಂದವರು ಒಣಗಿದ ಮುಖ ಮಾಡಿಕೊಂಡು ಕೂತಿದ್ದು ನೋಡಿ ಆಯಿಗೆ ಕರುಳು ಕರಗಿತು. ಅಡುಗೆಮನೆಗೆ ಹೋದಳು, ಮುಚ್ಚಳ ತೆಗೆದಳು, ಅಂಬಲಿ ಅಂದುಕೊಂಡಳು. ಮಜ್ಜಿಗೆ ಸುರಿದು, ಉಪ್ಪು ಹಾಕಿ, ಉಳ್ಳಾಗಡ್ಡಿ ಜಜ್ಜಿ ಕೊಟ್ಟಳು.

ಅವರು ಒಂದು ತಂಬಿಗೆ ಕುಡಿದರು. “ಅವ್ವಾರ, ಭಾಳ ನುಣ್ಣಗ ಆಗೇತ್ರಿ” ಅಂದರು. ಇನ್ನೊಂದು ತಂಬಿಗೆ ಕೇಳಿದರು!

ನೀನು ಇಳಿದು ಹೋಗಿ ಮುಚ್ಚಳ ತೆಗೆದು ಕೂಗಿದ ಕೂಗು ಮಾಳಿಗೆಗೆ ಕೇಳಿತು. “ಯವ್ವಾ! ಹಾಸಿನ ಗಂಜಿ ಎಲ್ಲಿ ಹೋತು?” ನಾನು ಓಡಿ ಬಂದೆ. ಅಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು, ತಂಬಿಗೆ ನೋಡಿ, ಅವರ ಮುಖ ನೋಡಿ, “ಸಾವಕಾರ್ರ, ಅರ್ಧಾ ಸೀರಿ ಕುಡದ್ರಲ್ರೀ!” ಅಂದ. ಆಯಿ ಸೆರಗು ಬಾಯಿಗೆ ಹಿಡಿದುಕೊಂಡಳು. ಪರಮಾನಂದ ಅವರು ಬಾಯಿ ಒರೆಸಿಕೊಂಡು, ನೆಟ್ಟಗೆ ಕೂತು, ಅಷ್ಟೇ ಗಂಭೀರವಾಗಿ ಅಂದರು: “ಹಂಗಾರ ಇನ್ನೊಂದ ವಾರ ನನ್ನ ಬೆನ್ನ ಬಾಗೂದಿಲ್ಲ ಬಿಡ್ರಿ. ಇಸ್ತ್ರಿನೂ ಬ್ಯಾಡ.”

ಅತ್ತಿ, ಆಗ ನೀನು ನಕ್ಕೆ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ನಾನು ಇಷ್ಟು ವರ್ಷದಲ್ಲಿ ನಿನ್ನ ಆ ನಗು ಕೇಳಿರಲಿಲ್ಲ. ಅವರೂ ಆ ನಗು ಕೇಳಿದರು. ನಿನ್ನ ಕೈಯಲ್ಲಿದ್ದ ಪಾಟಿಯ ಕಡೆ ನೋಡಿ, “ಅದ್ರಾಗ ಎಷ್ಟ ಪುಸ್ತಕ ಹಿಡೀತಾವ್ರಿ? ನಮ್ಮ ಅಂಗಡ್ಯಾಗ ಮಧ್ಯಾಹ್ನ ನೊಣಾ ಬಿಟ್ರ ಯಾರೂ ಇರೂದಿಲ್ಲ” ಅಂತ ಕೇಳಿದರು. ನೀನು ತೋರಿಸಿದೆ. ಅಕ್ಷರ ಅಗಲಿಸುವುದನ್ನೂ ತೋರಿಸಿದೆ. ಅಪ್ಪ ಸೀರೆ ಮಡಚಿ ಕಟ್ಟಿ ಎಷ್ಟೋ ಹೊತ್ತಾದರೂ ಅವರು ಏಳಲಿಲ್ಲ.

ಹೋದ ರವಿವಾರ ಅವರ ಅಕ್ಕ ಗುರುಬಸವ್ವ ಫೋನ್ ಮಾಡಿ ತಮ್ಮನಿಗೆ ನಿನ್ನನ್ನು ಕೇಳಿದಾಗ ಅಪ್ಪ ಮಾಡಿದ ತಪ್ಪೆಂದರೆ ಅದನ್ನು ಗ್ರೂಪಿಗೆ ಹಾಕಿದ್ದು. ಊರ ಮಂದಿಗೆ ಹೇಳಿ ನಿನ್ನನ್ನು ಆಮೇಲೆ ಕೇಳಿದಂತಾಯಿತು. ತೇರದಾಳದ ಅನಸವ್ವ ಅಜ್ಜಿಯ ಧ್ವನಿ ಸಂದೇಶ ನಾವೆಲ್ಲ ಕೇಳಿದೆವು. “ಈ ವಯಸ್ಸಿನಾಗ ಅಕ್ಷತಿ ಹಾಕಸ್ಕೊಂಡ ಏನ ಮಾಡಾಕಿ? ಮುಧೋಳಕ್ಕ ಹೋಗಿ ಅಡಗೀನ ಮಾಡೂದಾದ್ರ ಬನಹಟ್ಟ್ಯಾಗೇನ ಒಲಿ ಇಲ್ಲೇನ?” ಇಚಲಕರಂಜಿಯಿಂದ ಮೂರು ನಗುವ ಮುಖ ಬಂದವು. ಅಪ್ಪ ಎಲ್ಲದಕ್ಕೂ ಹೆಬ್ಬೆರಳು ಒತ್ತುತ್ತಾ ಕೂತ. ಅವನಿಗೆ ಗ್ರೂಪಿನಲ್ಲಿ ಬರುವುದು ಅದೊಂದೇ. ನಿನ್ನ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬಂತು, ಹೋಯಿತು, ಮತ್ತೆ ಬಂತು. ನಾನು ಇಲ್ಲಿ ಮೊಬೈಲ್ ಕೆಳಗಿಡದೆ ನೋಡುತ್ತಿದ್ದೆ. ಸೋಮವಾರ ಬೆಳಿಗ್ಗೆ ಕೊನೆಗೂ ಬಂತು: “ನಾ ಹ್ವಾದ್ರ ಅಡಗಿ ಯಾರ ಮಾಡ್ತಾರ. ಆಗೂದಿಲ್ಲ ಅಂತ ಹೇಳ್ರಿ.” ಅದರ ಕೆಳಗೆ ಬೂದು ಅಕ್ಷರದಲ್ಲಿ, ನೀನು ಹೊರಗೆ ಹೋದೆ ಅಂತ.

ಸುಳ್ಳು ಹೇಳುವುದಿಲ್ಲ ಅತ್ತಿ. ಅದನ್ನು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ನೀನು ಇಲ್ಲೇ ಇರುತ್ತೀ, ಕೆಳಗೆ ಬೆಳ್ಳುಳ್ಳಿ ಜಜ್ಜುತ್ತೀ, ಸಂಜೆ ಓದುತ್ತೀ. ನಾನು ಕಾಲೇಜಿನಿಂದ ಬಂದರೆ ನೀನಿರುತ್ತೀ. ಒಂದು ಹಗಲು ಪೂರ್ತಿ ಆ ಸಂತೋಷದಲ್ಲೇ ಇದ್ದೆ. ಸಂಜೆ ನೀನು ಪಾಟಿ ತೆಗೆಯಲಿಲ್ಲ. ಮರುದಿನವೂ ಇಲ್ಲ. ಅಪ್ಪ ಲಾಳಿ ನಿಲ್ಲಿಸಿ, “ಮುಂದಿಂದ ಓದವಾ” ಅಂದರೆ, “ಚಾರ್ಜಿಲ್ಲ” ಅಂದೆ. ಆ ಪಾಟಿ ಒಮ್ಮೆ ಚಾರ್ಜಾದರೆ ಹದಿನೈದು ದಿನ ನಡೆಯುತ್ತದೆ ಅಂತ ನನಗೆ ಗೊತ್ತಿಲ್ಲವಾ? ಅವತ್ತಿನಿಂದ ನನ್ನ ಸಂತೋಷ ಹುಳಿಯಾಯಿತು.

ಅಡುಗೆ ಯಾರು ಮಾಡುತ್ತಾರೆ ಅಂದೆಯಲ್ಲ. ಬುಧವಾರ ನೀನು ರಬಕವಿಗೆ ಬ್ಯಾಂಕಿಗೆ ಹೋದಾಗ ಏನಾಯಿತು ಅಂತ ನಿನಗೆ ಯಾರೂ ಹೇಳಿಲ್ಲ. ಆಯಿ ತಾನೇ ಕುಕ್ಕರಿಗೆ ತೊಗರಿ ಬೇಳೆ ಹಾಕಿದ್ದಳು. ಒತ್ತಿದ್ದು ಬರೇ ಬೆಚ್ಚಗಿಡುವ ಗುಂಡಿ. ಮಧ್ಯಾಹ್ನ ನೋಡಿದರೆ ಬೇಳೆ ಈಜಾಡುತ್ತಿತ್ತು. ನಾನು ನಕ್ಕೆ. ಆಯಿ ನನ್ನ ಮೊಣಕೈ ಚಿವುಟಿ, ತಟ್ಟೆಗೆ ಹಾಕಿಕೊಂಡು ಕಟ ಕಟ ಅಗಿಯುತ್ತಾ, “ಬೆಂದೈತಿ. ಯಾರರೆ ಕೇಳಿದ್ರ ಬೆಂದೈತಿ ಅನ್ನಬೇಕ ತಿಳೀತಿಲ್ಲೋ?” ಅಂದಳು. ಅಪ್ಪನೂ ಅಗಿದ. ಅವ್ವನೂ ಅಗಿದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಹಸಿ ಬೇಳೆ ತಿಂದರು ಅತ್ತಿ. ನಿನ್ನನ್ನು ಕಳಿಸಲು ಕಲಿಯುತ್ತಿದ್ದಾರೆ. ನಿನ್ನೆದುರು ಹೇಳಲು ಮಾತ್ರ ಅವರಿಗೆ ಬರುತ್ತಿಲ್ಲ.

ಅಪ್ಪ ಇನ್ನೂ ಮುಧೋಳಕ್ಕೆ ಫೋನ್ ಮಾಡಿಲ್ಲ. ನಾಳೆ ಮಧ್ಯಾಹ್ನ ಪರಮಾನಂದ ಅವರು ಸೀರೆ ಒಯ್ಯಲು ಬರುತ್ತಾರೆ, ಎದುರಿಗೇ ಹೇಳುತ್ತೇನೆ ಅಂದಿದ್ದಾನೆ. ಏನು ಹೇಳಬೇಕು ಅನ್ನುವುದು ನಾಳೆ ಮಧ್ಯಾಹ್ನದವರೆಗೂ ನಿನ್ನ ಕೈಯಲ್ಲೇ ಇದೆ. ನೀನು ಮತ್ತೆ ಆಗೂದಿಲ್ಲ ಅಂದರೆ ನಾನು ಇನ್ನೊಂದು ಕಾಗದ ಬರೆಯುವುದಿಲ್ಲ, ಹುಗ್ಗಿ ಬಡಿಸಿ ಸುಮ್ಮನಿರುತ್ತೇನೆ. ಆದರೆ ಅಡುಗೆಯ ನೆಪ ಮಾತ್ರ ಹೇಳಬೇಡ. ಆಲಮಟ್ಟಿಯ ದಿನವೇ ಆ ನೆಪ ಮುಗಿಯಿತು. ನೀನಿಲ್ಲದೆಯೂ ಬೇಯುತ್ತದೆ. ನೀನಿಲ್ಲದೆ ರುಚಿ ಕಡಿಮೆಯಾಗುತ್ತದೆ, ಅದು ನಮ್ಮ ಕಷ್ಟ, ನಾವು ನೋಡಿಕೊಳ್ಳುತ್ತೇವೆ.

ಮುಧೋಳ ಎಷ್ಟು ದೂರ ಹೇಳು. ಅಮಾವಾಸ್ಯೆಗೆ ಕುಕ್ಕರ್ ಹಚ್ಚಿ ಹೊರಟರೆ ಕಾಳು ಬೇಯುವುದರೊಳಗೆ ನಿನ್ನನ್ನು ನೋಡಿ, ಜಗಳ ಮಾಡಿ, ತಿಂಡಿ ತಿಂದು ಹೊಳ್ಳಿ ಬರಬಹುದು.

ಹರಿದ ಕಥೆಯ ಹೆಣ್ಣುಮಕ್ಕಳಿಗೆಲ್ಲ ನೀನು ಬಸ್ಸು ಹತ್ತಿಸಿದೆ. ಅಪ್ಪ ಲಾಳಿ ಹಿಡಿದು ಕೂತಿದ್ದಾನೆ. “ಮುಂದ?” ಅಂತ ಕೇಳಲು ಅವನಿಗೆ ಈ ಸಲ ಬಾಯಿಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ.

ನಿನ್ನ ಕೈತುತ್ತಿನ ಸಾಲ ತೀರಿಸುವ ಮನಸ್ಸೇ ಇಲ್ಲದ,
ಸೌಂದರ್ಯಾ

ವಿ.ಸೂ.: ಇದನ್ನು ಬರೆಯುವುದೋ ಬೇಡವೋ ಅಂತ ಭಾಳ ಯೋಚಿಸಿದೆ. ಹೋದ ಮಳೆಗಾಲದಲ್ಲಿ ನೀನು ಪಾಟಿಯ ಖಾತೆಯ ಪಾಸ್‌ವರ್ಡ್ ಕೇಳಿದ್ದೆಯಲ್ಲ, ‘ಮರ್ತಗಿರ್ತೇನಿ, ಬರದ ಇಟ್ಕೋತೇನಿ’ ಅಂತ. ಆ ಖಾತೆ ನನ್ನ ಮೊಬೈಲಿನಲ್ಲೂ ಇದೆ ಅತ್ತಿ. ಯಾರು ಎಲ್ಲಿ ಗೆರೆ ಎಳೆದರೂ ನನಗೆ ಕಾಣುತ್ತದೆ. ಒಂದು ಕಾದಂಬರಿಯಲ್ಲಿ ‘ಊಟ ಆಯಿತೆ?’ ಎಂಬ ಮಾತಿನ ಕೆಳಗೆ ಒಂದು ಗೆರೆ. ಮರುದಿನ ಇಪ್ಪತ್ತು ಪುಟ ಆಚೆ ಯಾವನೋ ಮುದುಕ ‘ಈಗಷ್ಟೇ’ ಅನ್ನುವಲ್ಲಿ ಇನ್ನೊಂದು. ಮೊದಲು ನಿನ್ನ ಕೈ ತಾಗಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, ಪಾಸ್‌ವರ್ಡ್ ಮುಧೋಳಕ್ಕೂ ಹೋಗಿದೆ, ಒಂದು ಗೆರೆ ಕೇಳಿದರೆ ಇನ್ನೊಂದು ಉತ್ತರ ಕೊಡುತ್ತದೆ ಅಂತ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಪೂರ್ಣಿಮಾಗೂ ಹೇಳಿಲ್ಲ. ನಾನು ಹೇಳದೇ ಉಳಿದ ಸುದ್ದಿ ಲೋಕದಲ್ಲಿ ಇದೊಂದೇ.

ಸೋಮವಾರ ನೀನು ಗ್ರೂಪ್ ಬಿಟ್ಟ ಮೇಲೆ ಕಾದಂಬರಿಗಳಲ್ಲಿ ಗೆರೆಗಳು ನಿಂತವು. ಗುರುವಾರ ಒಂದು ಹೊಸ ಗೆರೆ ಬಂತು. ನಾನು ಬರೆದ ಕುಕ್ಕರಿನ ಪುಸ್ತಿಕೆಯಲ್ಲಿ. ಹೇಗೂ ನೀನು ತೆರೆಯುತ್ತಿಲ್ಲವಲ್ಲ ಅಂತ ಪಾಟಿಯನ್ನು ಅವತ್ತು ನಾನೇ ಕಾಲೇಜಿಗೆ ಒಯ್ದಿದ್ದೆ, ಅದು ನನ್ನ ಚೀಲದಲ್ಲೇ ಇತ್ತು. ಹಾಗಾಗಿ ಆ ಗೆರೆ ನಿನ್ನದಲ್ಲ. ಗೆರೆ ಇರುವುದು ಇಲ್ಲಿ: ‘ಮುಚ್ಚಳವನ್ನು ಮೇಲಿಂದ ಮೇಲೆ ತೆಗೆದು ನೋಡಬೇಡಿ. ಅವಸರವಿಲ್ಲ. ಕಾಯಿರಿ.’

ಅದೇ ಪುಸ್ತಿಕೆಯ ಕೊನೆಯ ಸಾಲು ‘ಈಗ ಮುಚ್ಚಳ ತೆಗೆಯಬಹುದು’ ಅಂತ ಇದೆ. ಅದರ ಕೆಳಗೆ ಇನ್ನೂ ಯಾರೂ ಗೆರೆ ಎಳೆದಿಲ್ಲ. ನೀನು ಎಳೆದರೆ ಮಾಳಿಗೆಗೂ ಬರುತ್ತದೆ, ಮುಧೋಳಕ್ಕೂ ಮುಟ್ಟುತ್ತದೆ. ಈ ಕಾಗದ ಮಾತ್ರ ನಿನ್ನ ಪಾಟಿಗಷ್ಟೇ ಬಂದಿದೆ, ಹೆದರಬೇಡ.

ಬೆಳ್ಳುಳ್ಳಿ ಜಜ್ಜುವ ಸದ್ದು ನಿಂತಿದೆ. ನಾನು ಕೆಳಗೆ ಬರುವುದಿಲ್ಲ. ಮೊಬೈಲ್ ಹಿಡಿದು ಇಲ್ಲೇ ಕೂತಿರುತ್ತೇನೆ.